ಹಿಮದ ನಾಡಿನಲ್ಲಿ ಹವಳ: ಪಳೆಯುಳಿಕೆಯಿಂದ ಹಳೆಯ ಸಮುದ್ರವನ್ನು ಓದುವ ಪಾಠ

ತರಗತಿ: 9
ವಿಷಯ: ವಿಜ್ಞಾನ (ಪೂರಕ ಪಾಠ)
ಅವಧಿ: 40 ನಿಮಿಷಗಳ ಎರಡು ತರಗತಿಗಳು
ಅಭ್ಯಾಸ ಬೋಧನೆಯ ಸ್ಥಳ: ಕಮರಿಪೇಟೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ, ಹುಬ್ಬಳ್ಳಿ

ಪೀಠಿಕೆ

ಹವಳ ಎಂದರೆ ನಮ್ಮ ಮಕ್ಕಳಿಗೆ ಉಂಗುರದ ಕಲ್ಲು. ಮಂಗಳವಾರ ಬೆರಳಿಗೇರುವ ಆ ಕೆಂಪು ಹರಳು ಕಲ್ಲಲ್ಲ, ಒಂದು ಪ್ರಾಣಿ ಕಟ್ಟಿದ ಸುಣ್ಣದ ಅಸ್ಥಿಪಂಜರ ಎಂದರೆ ಅರ್ಧ ತರಗತಿ ನಂಬುವುದಿಲ್ಲ. ಹವಳದ ಪಳೆಯುಳಿಕೆಗಳು ಉತ್ತರ ಧ್ರುವದ ಹತ್ತಿರದ ಹಿಮಭೂಮಿಯಲ್ಲಿಯೂ ಸಿಗುತ್ತವೆ ಎಂದರೆ ಉಳಿದರ್ಧವೂ ನಂಬುವುದಿಲ್ಲ. ಈ ಅಪನಂಬಿಕೆಯೇ ಪಾಠಕ್ಕೆ ಒಳ್ಳೆಯ ಬಂಡವಾಳ.

ಪಳೆಯುಳಿಕೆಗಳ ಬಗ್ಗೆ ಮಕ್ಕಳು ಸಾಮಾನ್ಯವಾಗಿ ಕಲಿಯುವುದು ವ್ಯಾಖ್ಯೆಯನ್ನು: ಶಿಲೆಗಳ ಪದರಗಳಲ್ಲಿ ಉಳಿದ ಪ್ರಾಚೀನ ಜೀವಿಗಳ ಅವಶೇಷ. ವ್ಯಾಖ್ಯೆ ಸರಿಯೇ. ಆದರೆ ಪಳೆಯುಳಿಕೆಯನ್ನು ಸಾಕ್ಷಿಯಂತೆ ವಿಚಾರಣೆ ಮಾಡುವುದು ಹೇಗೆ ಎಂಬುದು ಅದರಲ್ಲಿ ಇಲ್ಲ. ಈ ಪಾಠದ ಗುರಿ ಅದೇ. ಯಾವ ಪಳೆಯುಳಿಕೆ ಕಂಡರೂ ಮಗು ಎರಡು ಪ್ರಶ್ನೆ ಕೇಳಬೇಕು: ಈ ಜೀವಿಗೆ ಬದುಕಲು ಏನು ಬೇಕಿತ್ತು? ಅದು ಬದುಕಿದ್ದಾಗ ಈ ನೆಲ ಭೂಗೋಳದ ಮೇಲೆ ಎಲ್ಲಿತ್ತು?

ಕಲಿಕಾ ಫಲಗಳು

ಪಾಠ ಮುಗಿದಾಗ ವಿದ್ಯಾರ್ಥಿಗಳು
1. ದಿಬ್ಬ ಕಟ್ಟುವ ಹವಳಕ್ಕೆ ಬೇಕಾದ ಪರಿಸರವನ್ನು ವಿವರಿಸುವರು.
2. ಧ್ರುವ ಪ್ರದೇಶದ ಸಮುದ್ರ ಪಳೆಯುಳಿಕೆಗಳಿಗೆ ನೆಲದ ಚಲನೆ ಕಾರಣವೋ, ಹವಾಮಾನದ ಬದಲಾವಣೆ ಕಾರಣವೋ ಎಂದು ಪುರಾವೆಯೊಂದಿಗೆ ತೀರ್ಮಾನಿಸುವರು.
3. ಕರ್ನಾಟಕದ ಸುಣ್ಣಕಲ್ಲಿನಲ್ಲಿ ಹವಳ ಏಕೆ ಸಿಗುವುದಿಲ್ಲ ಎಂಬುದಕ್ಕೆ ಕಾರಣ ಕೊಡುವರು.

ಬೋಧನೋಪಕರಣಗಳು

ಭೂಗೋಳ, ಮುರ್ಡೇಶ್ವರದ ದಂಡೆಯಲ್ಲಿ ಆರಿಸಿದ ಕಪ್ಪೆಚಿಪ್ಪು, ಶಹಾಬಾದ್ ಫರಸಿಯ ತುಣುಕು, ಗ್ರಾನೈಟ್ ತುಣುಕು, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಡ್ರಾಪರ್, ಐದು ಮೀಟರ್ ನೂಲು, ಬಣ್ಣದ ಚೀಟಿಗಳು, ದಂಡಕಾಂತ, ದಾರಕ್ಕೆ ಕಟ್ಟಿದ ಗುಂಡುಸೂಜಿ, ಹವಳದ ಪಳೆಯುಳಿಕೆಗಳ ಚಿತ್ರಗಳು. ಫರಸಿ ಮತ್ತು ಗ್ರಾನೈಟ್ ತುಣುಕುಗಳು ಕಟ್ಟಡ ಕೆಲಸ ನಡೆಯುವಲ್ಲಿ ಕೇಳಿದರೆ ಪುಕ್ಕಟೆ ಸಿಗುತ್ತವೆ.

ಹಂತ 1: ತೊಡಗಿಸಿಕೊಳ್ಳುವುದು

ಭೂಗೋಳದ ಮೇಲೆ ಎರಡು ಬಿಂದು ತೋರಿಸಿದೆ. ಒಂದು ಹುಬ್ಬಳ್ಳಿ, ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶ. ಇನ್ನೊಂದು ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹ, ಸುಮಾರು 78 ಡಿಗ್ರಿ ಉತ್ತರ. ಅಲ್ಲಿಯ ನೀ-ಓಲೆಸುಂಡ್ ಎಂಬಲ್ಲಿ 2008ರಿಂದ ಭಾರತದ 'ಹಿಮಾದ್ರಿ' ಸಂಶೋಧನಾ ಕೇಂದ್ರವಿದೆ. ಅದನ್ನು ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದು ಗೋವಾದ ವಾಸ್ಕೋದಲ್ಲಿ, ಅಂದರೆ ನಮ್ಮ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗುವಷ್ಟು ಹತ್ತಿರ. ಇದನ್ನು ಹೇಳಿದಾಗ ಸ್ವಾಲ್ಬಾರ್ಡ್ ಮಕ್ಕಳಿಗೆ ಸ್ವಲ್ಪ ನಮ್ಮದಾಗುತ್ತದೆ.

ನಂತರ ಸಮಸ್ಯೆ ಇಟ್ಟೆ. ಸ್ವಾಲ್ಬಾರ್ಡಿನ ಸುಣ್ಣಕಲ್ಲಿನ ಪದರಗಳಲ್ಲಿ ಸುಮಾರು 30 ಕೋಟಿ ವರ್ಷ ಹಳೆಯ ಹವಳಗಳಿವೆ. ಹೇಗೆ ಬಂದವು? ಬಂದ ಉತ್ತರಗಳನ್ನೆಲ್ಲ ಕಪ್ಪುಹಲಗೆಯ ಎಡಭಾಗದಲ್ಲಿ ಬರೆದೆ:

"ಪ್ರಳಯದಾಗ ಹರಕೊಂಡು ಹೋಗಿರಬೇಕ್ರಿ."
"ಯಾರರೆ ಒಯ್ದು ಒಗದಿರಬೇಕ್ರಿ."
"ಆವಾಗ ಇಡೀ ಭೂಮಿನ ಬಿಸಿ ಇತ್ತ್ರಿ."
"ಆ ಊರು ಮೊದಲ ಬ್ಯಾರೆ ಕಡೆ ಇತ್ತೇನ್ರಿ ಮೇಡಂ?"

ಯಾವುದನ್ನೂ ಸರಿ, ತಪ್ಪು ಎನ್ನಲಿಲ್ಲ. ಇವೆಲ್ಲ ಊಹೆಗಳು, ಒಂದೊಂದನ್ನೂ ಪರೀಕ್ಷೆಗೆ ಹಚ್ಚೋಣ ಎಂದು ಮುಂದೆ ಹೋದೆ.

ಹಂತ 2: ಅನ್ವೇಷಿಸುವುದು

*ಚಟುವಟಿಕೆ 1: ಗುಳ್ಳೆ ಪರೀಕ್ಷೆ.* ಕಪ್ಪೆಚಿಪ್ಪು, ಫರಸಿ, ಗ್ರಾನೈಟ್, ಮೂರರ ಮೇಲೂ ಒಂದೊಂದು ಹನಿ ಆಮ್ಲ ಹಾಕಬೇಕು. ಆಮ್ಲವನ್ನು ಶಿಕ್ಷಕರೇ ಹಾಕಲಿ. ಚಿಪ್ಪಿನ ಮೇಲೆ ಗುಳ್ಳೆ ಏಳುತ್ತದೆ, ಫರಸಿಯ ಮೇಲೂ ಏಳುತ್ತದೆ, ಗ್ರಾನೈಟ್ ಸುಮ್ಮನಿರುತ್ತದೆ. ಚಿಪ್ಪು ಮತ್ತು ಫರಸಿ ಎರಡರಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೋನೇಟ್. ಆಮ್ಲ ತಾಗಿದಾಗ ಹೊರಡುವುದು ಕಾರ್ಬನ್ ಡೈಆಕ್ಸೈಡ್. ಹವಳದ ಅಸ್ಥಿಪಂಜರವೂ ಇದೇ ವಸ್ತು. ಫರಸಿಯ ಮೇಲೆ ಗುಳ್ಳೆ ಎದ್ದಾಗ ಮಕ್ಕಳು ತಾವು ಕೂತ ನೆಲವನ್ನು ಮುಟ್ಟಿ ನೋಡಿದರು. ಅದರ ಕಥೆ ಎರಡನೆಯ ಅವಧಿಗೆ ಇರಲಿ ಎಂದೆ.

*ಚಟುವಟಿಕೆ 2: ಕಾಲದ ನೂಲು.* ಒಂದು ಸೆಂಟಿಮೀಟರಿಗೆ ಒಂದು ಕೋಟಿ ವರ್ಷ ಎಂದು ಲೆಕ್ಕ ಹಿಡಿದರೆ ಭೂಮಿಯ ವಯಸ್ಸು ಸುಮಾರು 4.5 ಮೀಟರ್ ನೂಲು. ಗೋಡೆಗೆ ಕಟ್ಟಿ, 'ಇಂದು' ಎಂಬ ತುದಿಯಿಂದ ಅಳೆದು ಚೀಟಿ ಅಂಟಿಸಬೇಕು.

- 6.6 ಸೆಂ.ಮೀ.: ಡೈನೋಸಾರ್‌ಗಳು ಅಳಿದ ಕಾಲ
- ಸುಮಾರು 24 ಸೆಂ.ಮೀ.: ಇಂದಿನ ಹವಳ ದಿಬ್ಬಗಳನ್ನು ಕಟ್ಟುವ ಗುಂಪಿನ ಆರಂಭ
- ಸುಮಾರು 25 ಸೆಂ.ಮೀ.: ಹಳೆಯ ಹವಳ ಗುಂಪುಗಳ ಅಂತ್ಯ
- ಸುಮಾರು 30 ಸೆಂ.ಮೀ.: ಸ್ವಾಲ್ಬಾರ್ಡಿನ ಹವಳಗಳು
- 50 ಸೆಂ.ಮೀ.ಗೆ ಸ್ವಲ್ಪ ಈಚೆ: ಹಳೆಯ ಹವಳ ಗುಂಪುಗಳ ಆರಂಭ

ಮನುಷ್ಯ ಜಾತಿಯ ಸುಮಾರು 3 ಲಕ್ಷ ವರ್ಷ ಈ ನೂಲಿನಲ್ಲಿ 0.3 ಮಿ.ಮೀ., ಅಂದರೆ ಒಂದು ಪೆನ್ಸಿಲ್ ಗೆರೆ. "ಯಾರರೆ ಒಯ್ದು ಒಗದಿರಬೇಕ್ರಿ" ಎಂಬ ಊಹೆ ಇಲ್ಲಿಗೆ ಮುಗಿಯಿತು. ಆಗ ಒಯ್ಯಲು ಯಾರೂ ಇರಲಿಲ್ಲ. ಪ್ರಳಯದ ಊಹೆಗೆ ಉತ್ತರ ಶಿಲೆಯಲ್ಲೇ ಇದೆ. ಕೊಚ್ಚಿಕೊಂಡು ಬಂದ ಹವಳ ಒಡೆದು, ಸವೆದು, ಕಲ್ಲು ಮಣ್ಣಿನೊಂದಿಗೆ ಕಲಸಿಹೋಗಿರುತ್ತದೆ. ಬೆಳೆದ ಜಾಗದಲ್ಲೇ ನಿಂತ ಹವಳ, ಅದರ ಸುತ್ತ ಅದೇ ಸಮುದ್ರದ ಚಿಪ್ಪುಗಳು, ಅದರ ಮೇಲೆ ಮತ್ತೆ ಸುಣ್ಣದ ಪದರ ಇದ್ದರೆ ಅದು ಅಲ್ಲಿಯೇ ಬಾಳಿದ ಜೀವಿ.

ಹಂತ 3: ವಿವರಿಸುವುದು

ಹವಳದ ಪ್ರಾಣಿಗೆ ಪಾಲಿಪ್ ಎಂದು ಹೆಸರು. ಮೆದು ದೇಹ, ಬಾಯಿಯ ಸುತ್ತ ಎಳೆಗಳು, ಕೆಳಗೆ ತಾನೇ ಕಟ್ಟಿಕೊಂಡ ಸುಣ್ಣದ ಬಟ್ಟಲು. ಇಂದಿನ ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಶೈವಲಗಳು ಬಾಳುತ್ತವೆ. ಅವು ದ್ಯುತಿಸಂಶ್ಲೇಷಣೆ ಮಾಡಿ ಹವಳಕ್ಕೆ ಆಹಾರ ಒದಗಿಸುತ್ತವೆ. ಆದ್ದರಿಂದ ದಿಬ್ಬಕ್ಕೆ ತಿಳಿಯಾದ, ಆಳವಿಲ್ಲದ, ಬಿಸಿಲು ತಲುಪುವ ನೀರು ಬೇಕು. ನೀರಿನ ಉಷ್ಣತೆ ಸಾಮಾನ್ಯವಾಗಿ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು. ಜೀವಂತ ಹವಳ ನೋಡಲು ನಮ್ಮ ಮಕ್ಕಳು ದೂರ ಹೋಗಬೇಕಿಲ್ಲ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ.

ಸ್ವಾಲ್ಬಾರ್ಡಿನ ಹವಳಗಳು ಇಂದಿನ ಗುಂಪಿನವಲ್ಲ. ಹಳೆಯ ಹವಳಗಳಲ್ಲಿ ಎರಡು ದೊಡ್ಡ ಗುಂಪುಗಳಿದ್ದವು. ರುಗೋಸಾ ಗುಂಪಿನ ಹಲವು ಹವಳಗಳು ಕರುವಿನ ಕೊಂಬಿನ ಆಕಾರದವು. ಅಡ್ಡ ಕೊಯ್ದರೆ ಚಕ್ಕಡಿಯ ಗಾಲಿಯಂತೆ ನಡುವಿನಿಂದ ಹೊರಟ ಗೋಡೆಗಳು ಕಾಣುತ್ತವೆ. ಟ್ಯಾಬುಲೇಟಾ ಗುಂಪಿನ ಫೇವೊಸೈಟಿಸ್ ಜೇನುಹುಟ್ಟಿನಂತೆ ಕಾಣುತ್ತದೆ. ಇದು ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಆರ್ಕ್ಟಿಕ್ ದ್ವೀಪಗಳ ಹಳೆಯ ಸುಣ್ಣಕಲ್ಲಿನಲ್ಲಿ ಸಿಗುತ್ತದೆ. ಸುಮಾರು 25 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಅವಧಿಯ ಕೊನೆಯ ಮಹಾ ಅಳಿವಿನಲ್ಲಿ ಎರಡೂ ಗುಂಪುಗಳು ಮುಗಿದವು.

ಇಲ್ಲಿ ಶಿಕ್ಷಕರು ಎಚ್ಚರ ವಹಿಸಬೇಕಾದ ಒಂದು ಜಾಗವಿದೆ. 'ಹವಳ ಇದೆ, ಆದ್ದರಿಂದ ನೀರು ಬಿಸಿ ಇತ್ತು' ಎಂದು ಬರೆಸಿ ಮುಗಿಸಿದರೆ ಪಾಠ ಸುಲಭ, ಆದರೆ ತರ್ಕ ಕುಂಟು. ಏಕೆಂದರೆ ತಣ್ಣೀರಿನ ಹವಳಗಳೂ ಇವೆ. ನಾರ್ವೆಯ ಲೊಫೋಟೆನ್ ದ್ವೀಪಗಳ ಆಚೆ, ಆರ್ಕ್ಟಿಕ್ ವೃತ್ತದ ಒಳಗೇ, 300ರಿಂದ 400 ಮೀಟರ್ ಆಳದಲ್ಲಿ ಮೂವತ್ತು ಕಿಲೋಮೀಟರಿಗೂ ಉದ್ದದ ಜೀವಂತ ಹವಳ ದಿಬ್ಬ 2002ರಲ್ಲಿ ಪತ್ತೆಯಾಯಿತು. ಅದರ ಹೆಸರು ರೋಸ್ಟ್ ದಿಬ್ಬ. ಆ ಹವಳದ ಮೈಯಲ್ಲಿ ಶೈವಲವಿಲ್ಲ, ಅದಕ್ಕೆ ಬಿಸಿಲೂ ಬೇಕಿಲ್ಲ. ಹರಿದು ಬರುವ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. ನಮ್ಮ ಉಂಗುರದ ಕೆಂಪು ಹವಳವೂ ಮೆಡಿಟರೇನಿಯನ್ ಸಮುದ್ರದ ಮಬ್ಬು ಬೆಳಕಿನ ಬಂಡೆಗಳಲ್ಲಿ ಬೆಳೆಯುವಂಥದ್ದು, ಉಷ್ಣವಲಯದ ದಿಬ್ಬದ್ದಲ್ಲ.

ಹಾಗಾದರೆ ಸ್ವಾಲ್ಬಾರ್ಡ್ ಬಿಸಿಯಿತ್ತು ಎನ್ನಲು ಹವಳವಲ್ಲದ ಬೇರೆ ಸಾಕ್ಷಿ ಬೇಕು. ಎರಡು ಸಾಕ್ಷಿಗಳನ್ನು ಕೊಟ್ಟೆ.

ಮೊದಲನೆಯದು ಜಿಪ್ಸಂ. ಅದೇ ಕಾಲದ ಶಿಲೆಗಳಲ್ಲಿ ಅಲ್ಲಿ ಜಿಪ್ಸಂ ಪದರಗಳಿವೆ. ಒಂದು ಕಣಿವೆಯ ಹೆಸರೇ ಗಿಪ್ಸ್‌ಡಾಲೆನ್, ಅಂದರೆ ಜಿಪ್ಸಂ ಕಣಿವೆ. ಉಪ್ಪಿನಾಗರದಲ್ಲಿ ಸಮುದ್ರದ ನೀರು ಬಿಸಿಲಿಗೆ ಆರಿದಾಗ ಉಪ್ಪು ಉಳಿಯುವಂತೆ, ಬಿಸಿಯಾದ ಒಣ ಹವೆಯಲ್ಲಿ ಆಳವಿಲ್ಲದ ಸಮುದ್ರ ಆರಿದಾಗ ಜಿಪ್ಸಂ ಉಳಿಯುತ್ತದೆ.

ಎರಡನೆಯದು ಶಿಲೆಯ ಕಾಂತತ್ವ. ದಾರಕ್ಕೆ ಕಟ್ಟಿದ ಸೂಜಿಯನ್ನು ದಂಡಕಾಂತದ ನಡುಭಾಗದ ಮೇಲೆ ಹಿಡಿದರೆ ಅದು ಕಾಂತಕ್ಕೆ ಸಮಾನಾಂತರವಾಗಿ ಮಲಗುತ್ತದೆ. ತುದಿಯ ಹತ್ತಿರ ಒಯ್ದರೆ ನೆಟ್ಟಗೆ ಕೆಳಗೆ ಎಳೆಯುತ್ತದೆ. ಭೂಮಿಯೂ ಹಾಗೆಯೇ. ಸಮಭಾಜಕ ವೃತ್ತದ ಬಳಿ ಕಾಂತರೇಖೆಗಳು ನೆಲಕ್ಕೆ ಸಮಾನಾಂತರ, ಧ್ರುವದಲ್ಲಿ ನೆಟ್ಟಗೆ. ಶಿಲೆ ರೂಪುಗೊಳ್ಳುವಾಗ ಅದರೊಳಗಿನ ಕಬ್ಬಿಣದ ಕಣಗಳು ಆಗಿನ ಓರೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ಓರೆಯನ್ನು ಅಳೆದರೆ ಶಿಲೆ ಹುಟ್ಟಿದ ಅಕ್ಷಾಂಶ ತಿಳಿಯುತ್ತದೆ. ಹೀಗೆ ಒಟ್ಟುಗೂಡಿದ ಪುರಾವೆಯ ಪ್ರಕಾರ ಸ್ವಾಲ್ಬಾರ್ಡ್ ಸುಮಾರು 40 ಕೋಟಿ ವರ್ಷಗಳ ಹಿಂದೆ ಸಮಭಾಜಕ ವೃತ್ತದ ಹತ್ತಿರವಿತ್ತು. 30 ಕೋಟಿ ವರ್ಷಗಳ ಹಿಂದೆ, ಈ ಹವಳಗಳು ಬೆಳೆಯುವ ಹೊತ್ತಿಗೆ, ಹೆಚ್ಚುಕಡಿಮೆ ಇಂದಿನ ಉತ್ತರ ಭಾರತದ ಅಕ್ಷಾಂಶಕ್ಕೆ ಸರಿದಿತ್ತು.

"ಅಷ್ಟು ದೊಡ್ಡ ನೆಲ ಹ್ಯಾಂಗ ಸರೀತೈತ್ರಿ?" ಎಂಬ ಪ್ರಶ್ನೆ ಬಂತು. ಉತ್ತರವನ್ನು ಲೆಕ್ಕದಿಂದಲೇ ಮಾಡಿಸಿದೆ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ. 78 ಡಿಗ್ರಿ ಎಂದರೆ 8,658 ಕಿ.ಮೀ. ಅದನ್ನು 40 ಕೋಟಿ ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಸುಮಾರು 2.2 ಸೆಂ.ಮೀ. ನಮ್ಮ ಬೆರಳಿನ ಉಗುರು ಇದಕ್ಕಿಂತ ಬೇಗ ಬೆಳೆಯುತ್ತದೆ! ನೇರ ಉತ್ತರಕ್ಕೆ ಸರಿದ ಸರಾಸರಿ ಮಾತ್ರ ಇದು. ನಿಜವಾದ ದಾರಿ ಇಷ್ಟು ನೇರವಲ್ಲ. ಆದರೂ ಭೂಫಲಕಗಳ ನಿಧಾನ ಚಲನೆ ಏನು ಮಾಡಬಲ್ಲದು ಎಂಬುದು ಮಕ್ಕಳ ಕೈಬರಹದಲ್ಲೇ ಸಿದ್ಧವಾಯಿತು.

ಹಂತ 4: ವಿಸ್ತರಿಸುವುದು

ಎರಡನೆಯ ಅವಧಿಯಲ್ಲಿ ಐದು ಗುಂಪು ಮಾಡಿ, ಮೂರು ಚೀಟಿ ಕೊಟ್ಟೆ. ಪ್ರತಿ ಗುಂಪೂ 'ನೆಲ ಸರಿಯಿತು' ಅಥವಾ 'ಹವೆ ಬದಲಾಯಿತು' ಎಂದು ತೀರ್ಮಾನಿಸಿ ಕಾರಣ ಹೇಳಬೇಕು.

*ಚೀಟಿ 1.* ಶ್ಯಾಕಲ್ಟನ್‌ನ 1907–09ರ ಅಂಟಾರ್ಕ್ಟಿಕ ಯಾತ್ರೆಯವರು ಬಿಯರ್ಡ್‌ಮೋರ್ ಹಿಮನದಿಯ ಬಳಿ ಸುಣ್ಣಕಲ್ಲು ಆರಿಸಿ ತಂದರು. ಅದರಲ್ಲಿ ಆರ್ಕಿಯೋಸಯಾತಾ ಎಂಬ ಜೀವಿಗಳಿದ್ದವು. ನೋಡಲು ಹವಳದಂತಿದ್ದರೂ ಇವು ಸ್ಪಂಜಿನ ಬಳಗ. ಸುಮಾರು 52 ಕೋಟಿ ವರ್ಷಗಳ ಹಿಂದೆ ಬೆಚ್ಚಗಿನ ಆಳವಿಲ್ಲದ ಸಮುದ್ರದಲ್ಲಿ ದಿಬ್ಬ ಕಟ್ಟಿದ ಮೊದಲ ಪ್ರಾಣಿಗಳು. ಆಗ ಅಂಟಾರ್ಕ್ಟಿಕ ಸಮಭಾಜಕ ವೃತ್ತದ ಕಡೆಗಿತ್ತು. ತೀರ್ಮಾನ: ನೆಲ ಸರಿಯಿತು.

*ಚೀಟಿ 2.* ಅಂಟಾರ್ಕ್ಟಿಕದ ಸೀಮೋರ್ ದ್ವೀಪದಲ್ಲಿ ಸುಮಾರು 7 ಕೋಟಿ ವರ್ಷ ಹಳೆಯ ಅಮೋನೈಟ್ ಚಿಪ್ಪುಗಳು ಹೇರಳವಾಗಿವೆ. ಆಗ ಆ ಜಾಗ ಹೆಚ್ಚುಕಡಿಮೆ ಇಂದಿನ ಅಕ್ಷಾಂಶದಲ್ಲೇ ಇತ್ತು. ಆದರೆ ಖಂಡದ ಮೇಲೆ ಇಂದಿನಂಥ ಹಿಮದ ಹೊದಿಕೆ ಇರಲಿಲ್ಲ, ಕಾಡುಗಳಿದ್ದವು. ತೀರ್ಮಾನ: ಹವೆ ಬದಲಾಯಿತು. "ಆವಾಗ ಭೂಮಿನ ಬಿಸಿ ಇತ್ತ್ರಿ" ಎಂದ ವಿದ್ಯಾರ್ಥಿಯ ಊಹೆಗೆ ಇಲ್ಲಿ ಪುರಸ್ಕಾರ ಸಿಕ್ಕಿತು. ಒಂದೇ ಊಹೆ ಒಂದು ಕಡೆ ಸೋತು ಇನ್ನೊಂದು ಕಡೆ ಗೆಲ್ಲಬಹುದು ಎಂಬುದೂ ತಿಳಿಯಿತು.

*ಚೀಟಿ 3.* ಛತ್ತೀಸಗಢದ ಮನೇಂದ್ರಗಢದಲ್ಲಿ, ಹಸ್ದೇವ್ ನದಿಯ ದಂಡೆಯ ಶಿಲೆಯಲ್ಲಿ, 28 ಕೋಟಿ ವರ್ಷಕ್ಕೂ ಹಳೆಯ ಸಮುದ್ರದ ಚಿಪ್ಪುಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಯೂರಿಡೆಸ್ಮಾ, ದಪ್ಪ ಚಿಪ್ಪಿನ ತಣ್ಣೀರು ಜೀವಿ. ಇದೇ ಜೀವಿ ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಾ, ಅರ್ಜೆಂಟೀನಗಳಲ್ಲೂ ಸಿಗುತ್ತದೆ. ಜೊತೆಗಿರುವ ತಾಲ್ಚೇರ್ ಶಿಲಾಸ್ತರದಲ್ಲಿ ಹಿಮನದಿ ಹೊತ್ತು ತಂದ ಗುಂಡುಕಲ್ಲುಗಳಿವೆ. ಒಡಿಶಾದ ತಾಲ್ಚೇರ್‌ನಲ್ಲಿ ಇವು ಹಿಮದ ಕೆಲಸವೆಂದು 1856ರಲ್ಲೇ ಭೂವಿಜ್ಞಾನಿಗಳು ಬರೆದಿದ್ದರು.

ಈ ಮೂರನೆಯ ಚೀಟಿಯಲ್ಲಿ ತರಗತಿ ಹೆಚ್ಚು ಹೊತ್ತು ನಿಂತಿತು. ಇಂದು ಬಿಸಿಲಿಗೆ ಬೇಯುವ ಮಧ್ಯ ಭಾರತದ ನೆಲ ಆಗ ಗೊಂಡ್ವಾನಾ ಎಂಬ ಮಹಾಖಂಡದ ಭಾಗವಾಗಿ ದಕ್ಷಿಣ ಧ್ರುವದ ಕಡೆಗಿತ್ತು. ಹಿಮ ಕರಗಿ, ಸಮುದ್ರ ಒಳನುಗ್ಗಿ, ಆ ತಣ್ಣೀರಿನಲ್ಲಿ ಚಿಪ್ಪುಗಳು ಬಾಳಿದವು. ಸ್ವಾಲ್ಬಾರ್ಡಿನಲ್ಲಿ ಹವಳಗಳಿದ್ದ ಆಸುಪಾಸಿನ ಕಾಲವೇ ಇದು. ಧ್ರುವ ಸಮುದ್ರದ ಪ್ರಾಚೀನ ಜೀವಿಗಳನ್ನು ನೋಡಲು ಹಡಗು ಹತ್ತಬೇಕಿಲ್ಲ, ಭಾರತದೊಳಗೇ ಅವು ಇವೆ. "ಅಂದ್ರ ಅವ್ರು ನಮ್ಮ ಬಿಸಿಲಾಗಿದ್ರು, ನಾವು ಅವರ ಬರ್ಫದಾಗಿದ್ವಿ" ಎಂದು ಒಂದು ಗುಂಪಿನ ಹುಡುಗಿ ಹೇಳಿದಳು. ಕಪ್ಪುಹಲಗೆಯ ಸಾರಾಂಶಕ್ಕೆ ಇದಕ್ಕಿಂತ ಒಳ್ಳೆಯ ಸಾಲು ಬೇಕಿರಲಿಲ್ಲ.

ನಮ್ಮ ನೆಲದ ಸಮುದ್ರ

"ಹಂಗಾರ ನಮ್ಮ ಹುಬ್ಬಳ್ಯಾಗ ಹವಳ ಯಾಕ ಸಿಗೂದಿಲ್ಲರಿ?" ಎಂಬುದು ಬರಲೇಬೇಕಾದ ಪ್ರಶ್ನೆ. ಉತ್ತರಕ್ಕೆ ಮತ್ತೆ ನೂಲಿನ ಬಳಿ ಹೋಗಬೇಕು.

ಶಹಾಬಾದ್ ಫರಸಿ ಬರುವುದು ಕಲಬುರಗಿ ಜಿಲ್ಲೆಯ ಭೀಮಾ ಶಿಲಾಸಮೂಹದಿಂದ. ಅದು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು. ಫರಸಿ ಹಲಗೆಯಂತೆ ಚಪ್ಪಟೆಯಾಗಿ ಏಳುವುದು ಈ ಪದರಗಳಿಂದಲೇ. ಆದರೆ ಆ ಸಮುದ್ರ ಇದ್ದಾಗ ಚಿಪ್ಪಿನ ಪ್ರಾಣಿಗಳೂ ಹವಳಗಳೂ ಇನ್ನೂ ಕಾಣಿಸಿಕೊಂಡಿರಲಿಲ್ಲ. ಬಾಗಲಕೋಟೆಯ ಸುತ್ತಲಿನ ಕಲಾದಗಿ ಶಿಲೆಗಳು ಇನ್ನೂ ಹಳೆಯವು, ನೂರು ಕೋಟಿ ವರ್ಷ ಮೀರಿದವು. ಅಲ್ಲಿಯ ಸುಣ್ಣಕಲ್ಲು, ಡಾಲಮೈಟುಗಳಲ್ಲಿ ಸ್ಟ್ರೊಮಟೊಲೈಟ್‌ಗಳಿವೆ. ಸಯನೋಬ್ಯಾಕ್ಟೀರಿಯಾಗಳು ಲೋಳೆಯಂತೆ ಹಬ್ಬಿ, ಅದರ ಮೇಲೆ ಕೆಸರು ಕೂತು, ಮತ್ತೆ ಅವು ಮೇಲೆ ಬಂದು, ಹೀಗೆ ಪದರದ ಮೇಲೆ ಪದರ ಬೆಳೆದ ಗುಮ್ಮಟಗಳು ಇವು. ಅಡ್ಡ ಕೊಯ್ದ ಉಳ್ಳಾಗಡ್ಡಿ ತೋರಿಸಿದರೆ ಮಕ್ಕಳಿಗೆ ಆಕಾರ ತಟ್ಟನೆ ತಿಳಿಯುತ್ತದೆ.

ಇನ್ನೂ ಹಿಂದೆ ಹೋದರೆ ನಮ್ಮ ಜಿಲ್ಲೆಯ ಹೆಸರೇ ಎದುರಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ಪ್ರಾಚೀನ ಶಿಲೆಗಳಿಗೆ 'ಧಾರವಾಡ' ಎಂದೇ ಹೆಸರಿಟ್ಟರು. ಇಂದಿಗೂ ಆ ಹೆಸರು ಭೂವಿಜ್ಞಾನದಲ್ಲಿ ನಡೆಯುತ್ತದೆ. ಈ ಶಿಲಾವರ್ಗದಲ್ಲಿ, ಶಿವಮೊಗ್ಗ ಜಿಲ್ಲೆಯ ಕುಂಸಿ, ತುಮಕೂರು ಜಿಲ್ಲೆಯ ದೊಡ್ಡಗುಣಿ, ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಭಾಗಗಳಲ್ಲಿ, 250 ಕೋಟಿ ವರ್ಷಕ್ಕೂ ಹಳೆಯ ಸ್ಟ್ರೊಮಟೊಲೈಟ್‌ಗಳು ವರದಿಯಾಗಿವೆ. ನೂಲಿನ ಮೇಲೆ ಇವುಗಳ ಚೀಟಿ ಎರಡೂವರೆ ಮೀಟರಿನ ಆಚೆ ಬೀಳುತ್ತದೆ. ಮೊದಲ ಹವಳದ ಚೀಟಿ ಅರ್ಧ ಮೀಟರಿನೊಳಗೇ ಇದೆ. ಹುಬ್ಬಳ್ಳಿಯಲ್ಲಿ ಹವಳ ಸಿಗದಿರುವುದಕ್ಕೆ ಇಲ್ಲಿ ಸಮುದ್ರವಿರಲಿಲ್ಲ ಎಂಬುದು ಕಾರಣವಲ್ಲ. ನಮ್ಮ ಸಮುದ್ರ ಹವಳಕ್ಕಿಂತ ಬಹಳ ಹಳೆಯದು.

ಹವಳದ ದಿನಚರಿ: ಒಂದು ಲೆಕ್ಕ

ಹವಳ ಪ್ರತಿದಿನ ಒಂದು ಸೂಕ್ಷ್ಮ ಸುಣ್ಣದ ಗೆರೆ ಕಟ್ಟುತ್ತದೆ. ವರ್ಷದ ಋತುಗಳಿಗೆ ತಕ್ಕಂತೆ ದೊಡ್ಡ ಪಟ್ಟಿಯೂ ಮೂಡುತ್ತದೆ. ಅಮೆರಿಕದ ವಿಜ್ಞಾನಿ ಜಾನ್ ವೆಲ್ಸ್ ಸುಮಾರು 38 ಕೋಟಿ ವರ್ಷ ಹಳೆಯ ಹವಳಗಳಲ್ಲಿ ಈ ಗೆರೆಗಳನ್ನು ಎಣಿಸಿ 1963ರಲ್ಲಿ ಪ್ರಕಟಿಸಿದರು. ಒಂದು ವರ್ಷದ ಪಟ್ಟಿಯಲ್ಲಿ ಸುಮಾರು 400 ಗೆರೆಗಳಿದ್ದವು. ವರ್ಷದ ಒಟ್ಟು ಗಂಟೆಗಳು ಬದಲಾಗಿಲ್ಲ ಎಂದುಕೊಂಡು 8,766 ಗಂಟೆಗಳನ್ನು 400ರಿಂದ ಭಾಗಿಸಿದರೆ ಆಗಿನ ಒಂದು ದಿನಕ್ಕೆ ಸುಮಾರು 22 ಗಂಟೆ. ಚಂದ್ರನ ಸೆಳೆತದಿಂದ ಏಳುವ ಭರತ ಇಳಿತಗಳು ಭೂಮಿಯ ತಿರುಗುವಿಕೆಯನ್ನು ನಿಧಾನಗೊಳಿಸುತ್ತಾ ಬಂದಿವೆ ಎಂಬುದನ್ನು ಒಂದು ಸಣ್ಣ ಪ್ರಾಣಿಯ ಸುಣ್ಣ ದಾಖಲಿಸಿಟ್ಟಿದೆ. ಗಣಿತದ ಪ್ರಶಿಕ್ಷಣಾರ್ಥಿಗಳು ಈ ಲೆಕ್ಕವನ್ನು ತಮ್ಮ ಅವಧಿಗೂ ಒಯ್ಯಬಹುದು.

ಹಂತ 5: ಮೌಲ್ಯಮಾಪನ

1. ದಿಬ್ಬ ಕಟ್ಟುವ ಹವಳಕ್ಕೆ ಬಿಸಿಲು ಏಕೆ ಬೇಕು?
2. 'ಹವಳ ಸಿಕ್ಕಿತು, ಆದ್ದರಿಂದ ಅಲ್ಲಿ ಬಿಸಿ ಸಮುದ್ರವಿತ್ತು.' ಈ ತೀರ್ಮಾನಕ್ಕೆ ಬೇರೆ ಯಾವ ಪುರಾವೆ ಬೇಕು? ಎರಡನ್ನು ಹೇಳಿ.
3. ಸೀಮೋರ್ ದ್ವೀಪದ ಅಮೋನೈಟ್ ಮತ್ತು ಸ್ವಾಲ್ಬಾರ್ಡಿನ ಹವಳ, ಇವುಗಳ ವಿವರಣೆಯಲ್ಲಿ ವ್ಯತ್ಯಾಸವೇನು?
4. ಬಾಗಲಕೋಟೆಯ ಸುಣ್ಣಕಲ್ಲಿನಲ್ಲಿ ಹವಳ ಹುಡುಕುವವನಿಗೆ ನೀವು ಏನು ಹೇಳುವಿರಿ?

ನಾಲ್ಕನೆಯದು ಬಾಯಿಪಾಠದಿಂದ ಬರುವ ಉತ್ತರವಲ್ಲ. ಮಗು ತನ್ನ ಮಾತಿನಲ್ಲಿ, ನೂಲಿನ ಅಳತೆಯನ್ನು ಬಳಸಿ ಉತ್ತರಿಸಿದರೆ ಪಾಠ ತಲುಪಿದೆ ಎಂದು ತಿಳಿಯಬಹುದು.

ಗೃಹಪಾಠ

ಮನೆ, ಗುಡಿ, ಅಂಗಡಿಗಳಲ್ಲಿ ಹಾಸಿರುವ ಕಲ್ಲುಗಳನ್ನು ನೋಡಿ ಪಟ್ಟಿ ಮಾಡಿ. ಪದರ ಕಾಣುವವು ಯಾವುವು, ಹರಳು ಕಾಣುವವು ಯಾವುವು? ಎಲ್ಲಿಂದ ಬಂದವೆಂದು ಹಿರಿಯರನ್ನೋ ಗೌಂಡಿ ಕೆಲಸದವರನ್ನೋ ಕೇಳಿ ಬರೆಯಿರಿ. ಆಮ್ಲವನ್ನು ಮನೆಯಲ್ಲಿ ಬಳಸಬಾರದು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಇಂದಿನ ಸುದ್ದಿಗೆ ಜೋಡಿಸಲು ಐದು ನಿಮಿಷ ಉಳಿಸಿಕೊಳ್ಳಿ. ನೀರು ಅತಿಯಾಗಿ ಬಿಸಿಯಾದಾಗ ಹವಳ ತನ್ನೊಳಗಿನ ಶೈವಲಗಳನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದ ಹವಳಗಳು 1998ರಲ್ಲಿಯೂ, ಮತ್ತೆ 2024ರಲ್ಲಿಯೂ ಹೀಗೆ ಬಿಳಿಚಿದವು. 'ಹಿಂದೆ ಧ್ರುವವೇ ಬೆಚ್ಚಗಿತ್ತಲ್ಲ, ಈಗ ಬಿಸಿಯಾದರೇನು?' ಎಂದು ಮಕ್ಕಳು ಕೇಳುತ್ತಾರೆ, ಕೇಳಲಿ. ಉತ್ತರ ನೂಲಿನಲ್ಲೇ ಇದೆ. ಸ್ವಾಲ್ಬಾರ್ಡ್ ವರ್ಷಕ್ಕೆ ಉಗುರಿನಷ್ಟೂ ಸರಿಯದೆ ಕೋಟಿ ಕೋಟಿ ವರ್ಷ ತೆಗೆದುಕೊಂಡಿತು. ಈಗಿನ ಬಿಸಿ ಏರುತ್ತಿರುವುದು ನೂರಿನ್ನೂರು ವರ್ಷಗಳಲ್ಲಿ, ನಮ್ಮ ನೂಲಿನ ಮೇಲೆ ಚೀಟಿ ಅಂಟಿಸಲೂ ಜಾಗವಿಲ್ಲದಷ್ಟು ಕಡಿಮೆ ಕಾಲದಲ್ಲಿ. ರುಗೋಸಾ, ಟ್ಯಾಬುಲೇಟಾ ಹವಳಗಳು ಅಳಿದ ಮೇಲೆ ಹೊಸ ಹವಳಗಳು ಸಮುದ್ರದಲ್ಲಿ ಕಾಣಿಸಿಕೊಳ್ಳಲು ಸುಮಾರು ಒಂದು ಕೋಟಿ ವರ್ಷಗಳೇ ಬೇಕಾದವು. ಆ ಎರಡು ಚೀಟಿಗಳ ನಡುವಿನ ಅಂತರವನ್ನು ಮಕ್ಕಳೇ ಅಳೆಯಲಿ. ನೂಲನ್ನು ಪಾಠ ಮುಗಿದ ಮೇಲೂ ಗೋಡೆಯ ಮೇಲೆ ಬಿಟ್ಟುಬನ್ನಿ.